ನಾಲ್ಕು, ಐದು, ಆರನೇ ತರಗತಿಯ ಗಣಿತ: ಯಾವುದು ಗಟ್ಟಿಯಾಗಬೇಕು, ಮನೆಯಲ್ಲಿ ಹೇಗೆ ಹೇಳಿಕೊಡಬೇಕು

ಮೊದಲು ನಿಮ್ಮ ಮಗುವಿಗೆ ಈ ಪ್ರಶ್ನೆ ಕೇಳಿ ನೋಡಿ. ಎರಡು ಬಳ್ಳಿ ಇವೆ. ಒಂದು 2 ಸೆಂಟಿಮೀಟರ್ ಇತ್ತು, ಈಗ 6 ಆಗಿದೆ. ಇನ್ನೊಂದು 10 ಇತ್ತು, ಈಗ 14 ಆಗಿದೆ. ಯಾವುದು ಜಾಸ್ತಿ ಬೆಳೆದಿದೆ?

"ಎರಡೂ ಒಂದೇ, ನಾಲ್ಕು ನಾಲ್ಕು ಸೆಂಟಿಮೀಟರ್" ಅಂತ ಹೇಳಿದರೆ ತಪ್ಪೇನಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಬೇರೆ ಥರ ನೋಡಬಹುದಾ?" ಅಂತ ಕೇಳಿ. "ಮೊದಲನೆಯದು ಮೂರು ಪಟ್ಟು ಆಯಿತು, ಎರಡನೆಯದು ಎರಡು ಪಟ್ಟೂ ಆಗಲಿಲ್ಲ" ಅನ್ನುವ ಮಾತು ಬಂದರೆ ಸಂತೋಷ ಪಡಿ. ಬರದಿದ್ದರೆ ಗಾಬರಿ ಬೇಡ. ಅದನ್ನು ಕಲಿಸುವುದಕ್ಕೇ ಈ ಮೂರು ವರ್ಷ ಇರುವುದು.

ನಾನು ಈ ಮೂರು ತರಗತಿಗಳಿಗೆ ಗಣಿತ ಹೇಳಿಕೊಡುತ್ತೇನೆ. ಪೋಷಕರು ಬಂದರೆ ಕೇಳುವುದು ಒಂದೇ ಪ್ರಶ್ನೆ: "ಪೋರ್ಷನ್ ಎಲ್ಲಿಗೆ ಬಂತು ಮಿಸ್?" ಪೋರ್ಷನ್ ಹೇಗೋ ಮುಗಿಯುತ್ತದೆ. ನನ್ನ ತಲೆಯಲ್ಲಿ ಇರುವುದು ಬೇರೆ ಲೆಕ್ಕ. ಮೂರನೇ ತರಗತಿಯವರೆಗೆ ಮಗು ಎಲ್ಲವನ್ನೂ ಎಣಿಸಿ, ಕೂಡಿ, ಕಳೆದು ನೋಡುತ್ತದೆ. "ಎಷ್ಟು ಜಾಸ್ತಿ?" ಅನ್ನುವುದು ಅದರ ಪ್ರಶ್ನೆ. ಇಲ್ಲಿಂದ ಮುಂದೆ "ಎಷ್ಟು ಪಟ್ಟು?" ಅಂತ ಕೇಳಲು ಕಲಿಯಬೇಕು. ಮಗ್ಗಿ, ಭಾಗಾಕಾರ, ಭಿನ್ನರಾಶಿ, ದಶಮಾಂಶ, ವಿಸ್ತೀರ್ಣ, ಎಲ್ಲದರ ಒಳಗೂ ಇರುವುದು ಈ ಪಟ್ಟಿನ ಲೆಕ್ಕವೇ. ಇದು ಬಂದ ಮಗುವಿಗೆ ಮುಂದೆ ಅನುಪಾತ, ಶೇಕಡಾ, ಬೀಜಗಣಿತ ಹೆದರಿಸುವುದಿಲ್ಲ. ಬಾರದ ಮಗು ಎಂಟನೇ ತರಗತಿಯಲ್ಲಿ ಸೂತ್ರ ಬಾಯಿಪಾಠ ಮಾಡಿಕೊಂಡು ಒದ್ದಾಡುತ್ತದೆ.

ಮಗ್ಗಿ ಬಾಯಿಗೆ ಬರಲೇಬೇಕು, ಆದರೆ

ಮಗ್ಗಿ ಬಾಯಿಪಾಠ ಬೇಡ, ಅರ್ಥ ಆದರೆ ಸಾಕು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 7×8 ಎಷ್ಟು ಅಂತ ಪ್ರತಿ ಸಲ ಬೆರಳು ಮಡಚುತ್ತಾ ಕೂತರೆ, ಭಾಗಾಕಾರದ ಮಧ್ಯದಲ್ಲಿ ತಾನು ಏನು ಮಾಡುತ್ತಿದ್ದೆ ಅನ್ನುವುದೇ ಮಗುವಿಗೆ ಮರೆತುಹೋಗುತ್ತದೆ. ಹಾಗಂತ ಎರಡರಿಂದ ಶುರುಮಾಡಿ ರಾಗವಾಗಿ ಒಪ್ಪಿಸಿಬಿಟ್ಟರೆ ಮಗ್ಗಿ ಬಂತು ಅಂತಲೂ ಅಲ್ಲ. "ಏಳೆಂಟ್ಲ?" ಅಂತ ನಡುವಿನಿಂದ ಕೇಳಿ. ಮಗು ಏಳೊಂದ್ಲದಿಂದ ಮೆಟ್ಟಿಲು ಹತ್ತಿಕೊಂಡು ಬಂದರೆ ಇನ್ನೂ ಕೆಲಸ ಬಾಕಿ ಇದೆ.

ಹತ್ತರವರೆಗಿನ ಮಗ್ಗಿಯಲ್ಲಿ ನೂರು ಲೆಕ್ಕ ಇವೆ. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ 1, 2, 5, 10ರ ಮಗ್ಗಿ ಎಲ್ಲ ಮಕ್ಕಳಿಗೂ ಸಲೀಸು. ಅವನ್ನು ಬಿಡಿ. 3×8 ಮತ್ತು 8×3 ಒಂದೇ ಅಂತ ಗೊತ್ತಾದರೆ ಅರ್ಧ ಭಾರ ಇಳಿಯಿತು. ಇನ್ನು ಉಳಿದದ್ದು 3, 4, 6, 7, 8, 9 ಇವುಗಳ ನಡುವಿನ ಜೋಡಿಗಳು ಮಾತ್ರ. ಎಣಿಸಿದರೆ 21. ಅಷ್ಟೇ! ಈ 21 ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು ಒಂದು ಡಬ್ಬಿಗೆ ಹಾಕಿ. ದಿನಕ್ಕೆ ಐದು ಚೀಟಿ ಎತ್ತಲಿ. ಥಟ್ಟನೆ ಬಂದದ್ದು ಆಚೆ, ತಡವರಿಸಿದ್ದು ಮತ್ತೆ ಡಬ್ಬಿಗೆ. ಕೊನೆಗೆ ಡಬ್ಬಿಯಲ್ಲಿ ಉಳಿಯುವುದು ಹೆಚ್ಚಾಗಿ 6×7, 6×8, 7×8, ಇಂಥ ನಾಲ್ಕೈದು.

ಅವುಗಳಿಗೆ ಚೌಕುಳಿ ಹಾಳೆ ತೆಗೆಯಿರಿ. ಏಳು ಸಾಲು, ಸಾಲಿಗೆ ಎಂಟು ಚೌಕ. ಐದನೇ ಚೌಕ ಆದಮೇಲೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆಯಲಿ. ಒಂದು ಕಡೆ 7×5, ಇನ್ನೊಂದು ಕಡೆ 7×3. ಮೂವತ್ತೈದು, ಇಪ್ಪತ್ತೊಂದು, ಒಟ್ಟು ಐವತ್ತಾರು. ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು ಅನ್ನುವ ಧೈರ್ಯ ಬರುತ್ತದೆ.

ಇದೇ ಹಾಳೆ ಮುಂದೆ ದೊಡ್ಡ ಗುಣಾಕಾರಕ್ಕೂ ಬೇಕು. 23×14 ಮಾಡುವಾಗ ಎರಡನೇ ಸಾಲಿನಲ್ಲಿ ಬಿಡಿ ಸ್ಥಾನದ ಕೆಳಗೆ ಸೊನ್ನೆ ಇಡುತ್ತಾರೆ, ಇಲ್ಲವೇ ಅಡ್ಡಗೆರೆ ಹಾಕುತ್ತಾರೆ. ಯಾಕೆ ಅಂತ ಕೇಳಿದರೆ "ಹಾಗೇ ಮಾಡಬೇಕು" ಅನ್ನುತ್ತಾರೆ ಮಕ್ಕಳು. ಒಂದು ಆಯತ ಬರೆದು ನಾಲ್ಕು ಮನೆ ಮಾಡಿ. 23 ಅನ್ನು 20 ಮತ್ತು 3 ಆಗಿ, 14 ಅನ್ನು 10 ಮತ್ತು 4 ಆಗಿ ಒಡೆಯಿರಿ. 20×10 ಇನ್ನೂರು, 20×4 ಎಂಬತ್ತು, 3×10 ಮೂವತ್ತು, 3×4 ಹನ್ನೆರಡು. ಒಟ್ಟು 322. ಈಗ ಮಾಮೂಲಿ ವಿಧಾನದಲ್ಲಿ ಮಾಡಿದ ಲೆಕ್ಕವನ್ನು ಪಕ್ಕದಲ್ಲಿಡಿ. ಮೊದಲ ಸಾಲಿನ 92 ಅಂದರೆ 80 ಮತ್ತು 12. ಎರಡನೇ ಸಾಲಿನ 230 ಅಂದರೆ 200 ಮತ್ತು 30. ಅಲ್ಲಿ ಗುಣಿಸುತ್ತಿರುವುದು ಒಂದರಿಂದ ಅಲ್ಲ, ಹತ್ತರಿಂದ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಭಾಗಾಕಾರ: ಶೇಷವನ್ನು ಏನು ಮಾಡುವುದು?

ಭಾಗಾಕಾರಕ್ಕೆ ಎರಡು ಮುಖ ಇದೆ. 12 ಪೆನ್ಸಿಲ್‌ಗಳನ್ನು 3 ಜನಕ್ಕೆ ಸಮವಾಗಿ ಹಂಚಿದರೆ ಒಬ್ಬರಿಗೆ ಎಷ್ಟು? ಇದು ಹಂಚುವ ಲೆಕ್ಕ. 12 ಪೆನ್ಸಿಲ್‌ಗಳನ್ನು ಮೂರು ಮೂರರಂತೆ ಕಟ್ಟಿದರೆ ಎಷ್ಟು ಕಟ್ಟು? ಇದು ಎಷ್ಟು ಸಲ ಹಿಡಿಸುತ್ತದೆ ಅನ್ನುವ ಲೆಕ್ಕ. ಎರಡಕ್ಕೂ ಉತ್ತರ 4. ಮಕ್ಕಳಿಗೆ ಮೊದಲನೆಯದು ಮಾತ್ರ ಗೊತ್ತಿರುತ್ತದೆ. ಎರಡನೆಯದನ್ನು ಬೇಕೆಂದೇ ಜಾಸ್ತಿ ಕೇಳಿ. ಮುಂದೆ ಭಿನ್ನರಾಶಿಯಿಂದ ಭಾಗಿಸುವಾಗ ಕೈ ಹಿಡಿಯುವುದು ಅದೇ.

ಕೆಲವು ತಪ್ಪುಗಳನ್ನು ಪ್ರತಿ ವರ್ಷವೂ ನೋಡುತ್ತೇನೆ. 816÷4 ಕೊಟ್ಟರೆ 24 ಅಂತ ಬರೆಯುತ್ತಾರೆ. 8ರಲ್ಲಿ ನಾಲ್ಕು ಎರಡು ಸಲ, 1ರಲ್ಲಿ ಹೋಗುವುದಿಲ್ಲ, 16ರಲ್ಲಿ ನಾಲ್ಕು ಸಲ. ನಡುವಿನ ಸೊನ್ನೆ ಮಾಯ! ಇದಕ್ಕೆ ಔಷಧಿ, ಲೆಕ್ಕ ಶುರುಮಾಡುವ ಮೊದಲೇ ಅಂದಾಜು ಹೇಳಿಸುವುದು. "ಎಂಟುನೂರನ್ನು ನಾಲ್ಕು ಭಾಗ ಮಾಡಿದರೆ ಒಂದು ಭಾಗ ಎಷ್ಟಿರಬಹುದು?" "ಇನ್ನೂರು." ಹಾಗಾದರೆ 24 ಬರಲು ಸಾಧ್ಯವೇ ಇಲ್ಲ. ಅಂದಾಜನ್ನು ಹಾಳೆಯ ಮೂಲೆಯಲ್ಲಿ ಬರೆಯಿಸಿ, ಆಮೇಲೆ ಲೆಕ್ಕ ಮಾಡಿಸಿ. ಇದೊಂದು ಅಭ್ಯಾಸ ನೂರು ತಪ್ಪನ್ನು ಹಿಡಿಯುತ್ತದೆ.

ಇನ್ನು ಶೇಷ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಹೀಗೊಂದು ಲೆಕ್ಕ ಕೊಟ್ಟಿದ್ದರು. ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು. 1128 ಸೈನಿಕರನ್ನು ಕರೆದುಕೊಂಡು ಹೋಗಲು ಎಷ್ಟು ಬಸ್ ಬೇಕು? ಸುಮಾರು 70% ಮಕ್ಕಳು ಭಾಗಾಕಾರ ಸರಿಯಾಗಿಯೇ ಮಾಡಿದರು. ಭಾಗಲಬ್ಧ 31, ಶೇಷ 12. ಆದರೆ 32 ಬಸ್ ಅಂತ ಬರೆದವರು 23% ಮಾತ್ರ. 29% ಮಕ್ಕಳು "31 ಶೇಷ 12" ಅಂತಲೇ ಬರೆದು ಕೈತೊಳೆದುಕೊಂಡರು. ಉಳಿದ ಆ 12 ಜನ ನಡೆದುಕೊಂಡು ಹೋಗಬೇಕಾ?

ಅದಕ್ಕೇ ಒಂದೇ ಭಾಗಾಕಾರಕ್ಕೆ ಮೂರು ಕಥೆ ಕಟ್ಟಿಸಿ. 26÷4 ತೆಗೆದುಕೊಳ್ಳಿ. 26 ಮಕ್ಕಳು, ಒಂದು ಬೆಂಚಿಗೆ 4 ಜನ, ಎಷ್ಟು ಬೆಂಚು? ಏಳು. 26 ಬೊಂಬೆ ಚಕ್ರ ಇವೆ, ಒಂದು ಕಾರಿಗೆ 4 ಚಕ್ರ, ಎಷ್ಟು ಕಾರು ಮಾಡಬಹುದು? ಆರು. 26 ಮೀಟರ್ ಹಗ್ಗವನ್ನು 4 ಸಮ ಭಾಗ ಮಾಡಿದರೆ? ಆರೂವರೆ ಮೀಟರ್. ಅಂಕಿ ಅವೇ, ಉತ್ತರ ಮೂರು ಥರ. ಮೂರನೇ ಕಥೆಯಲ್ಲಿ ಶೇಷವನ್ನೂ ಹಂಚುತ್ತೇವೆ. ಭಿನ್ನರಾಶಿ ಶುರುವಾಗುವುದೇ ಅಲ್ಲಿ.

ಭಿನ್ನರಾಶಿಗೆ ಅವಸರ ಮಾಡಬೇಡಿ

ಒಂದು ಸಂಗತಿ ಹೇಳುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸೀಗ್ಲರ್ ಮತ್ತು ಅವರ ಜೊತೆಗಾರರು ಅಮೆರಿಕ, ಬ್ರಿಟನ್ ಎರಡೂ ಕಡೆಯ ಸಾವಿರಾರು ಮಕ್ಕಳ ಅಂಕಿಅಂಶ ನೋಡಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು, ಹನ್ನೆರಡು ವಯಸ್ಸಿನಲ್ಲಿ ಭಿನ್ನರಾಶಿ ಮತ್ತು ಭಾಗಾಕಾರ ಚೆನ್ನಾಗಿ ಬರುತ್ತಿದ್ದ ಮಕ್ಕಳು, ಐದಾರು ವರ್ಷದ ನಂತರ ಪ್ರೌಢಶಾಲೆಯ ಬೀಜಗಣಿತದಲ್ಲೂ ಮುಂದಿದ್ದರು. ಬುದ್ಧಿಮತ್ತೆ, ಮನೆಯ ವರಮಾನ, ಕೂಡುವ ಕಳೆಯುವ ಕೌಶಲ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. ತರಗತಿಯಲ್ಲಿ ನಾನು ಕಾಣುವುದೂ ಇದನ್ನೇ. ಅದಕ್ಕೇ ಈ ಮೂರು ವರ್ಷದಲ್ಲಿ ಒಂದೇ ಒಂದು ವಿಷಯಕ್ಕೆ ಜಾಸ್ತಿ ಸಮಯ ಕೊಡಬಹುದು ಅಂದರೆ ನಾನು ಭಿನ್ನರಾಶಿಗೇ ಕೊಡುತ್ತೇನೆ.

ಎಡವಟ್ಟು ಎಲ್ಲಿ ಆಗುತ್ತದೆ? ದುಂಡನೆಯ ಚಿತ್ರ ಬರೆದು, ನಾಲ್ಕು ಭಾಗ ಮಾಡಿ, ಮೂರಕ್ಕೆ ಬಣ್ಣ ಹಚ್ಚಿಸುತ್ತೇವೆ. ಮಗು 3/4 ಅಂತ ಬರೆಯುತ್ತದೆ. ಸರಿ. ಆದರೆ ಅದರ ತಲೆಯಲ್ಲಿ ಕೂರುವುದು "ಮೇಲೆ ಮೂರು, ಕೆಳಗೆ ನಾಲ್ಕು" ಅನ್ನುವ ಎರಡು ಬೇರೆ ಬೇರೆ ಅಂಕಿ. 3/4 ಅನ್ನುವುದು ಒಂದೇ ಸಂಖ್ಯೆ, 0 ಮತ್ತು 1ರ ನಡುವೆ ಅದಕ್ಕೊಂದು ಜಾಗ ಇದೆ ಅಂತ ಅನಿಸುವುದೇ ಇಲ್ಲ. 1978ರಲ್ಲಿ ಅದೇ ಅಮೆರಿಕದ ಪರೀಕ್ಷೆಯಲ್ಲಿ 13 ವರ್ಷದವರಿಗೆ 12/13 + 7/8 ಅಂದಾಜು ಎಷ್ಟು ಅಂತ ಕೇಳಿ 1, 2, 19, 21 ಅಂತ ಆಯ್ಕೆ ಕೊಟ್ಟಿದ್ದರು. ಎರಡೂ ಒಂದಕ್ಕೆ ಹತ್ತಿರ, ಕೂಡಿದರೆ ಎರಡಕ್ಕೆ ಹತ್ತಿರ. 2 ಅಂದವರು 24% ಮಾತ್ರ. ಅದಕ್ಕಿಂತ ಜಾಸ್ತಿ ಮಕ್ಕಳು 19 ಅಂದರು, 21 ಅಂದರು. ಅಂಶ ಅಂಶ ಕೂಡಿದರೆ 19, ಛೇದ ಛೇದ ಕೂಡಿದರೆ 21, ನೋಡಿ!

ಹಾಗಾಗಿ ನಾನು ದುಂಡನೆಯ ಚಿತ್ರ ಬಿಟ್ಟು ಕಾಗದದ ಪಟ್ಟಿ ಹಿಡಿಯುತ್ತೇನೆ. ಒಂದೇ ಉದ್ದದ ಏಳೆಂಟು ಪಟ್ಟಿ ಕತ್ತರಿಸಿಕೊಳ್ಳಿ, 24 ಸೆಂಟಿಮೀಟರ್ ಆದರೆ ಅನುಕೂಲ. 2, 3, 4, 6, 8 ಯಾವುದಕ್ಕಾದರೂ ಸರಿಯಾಗಿ ಭಾಗ ಆಗುತ್ತದೆ. ಒಂದು ಪಟ್ಟಿ ಹಾಗೇ ಇರಲಿ, ಅದು ಒಂದು. ಇನ್ನೊಂದನ್ನು ಅರ್ಧಕ್ಕೆ ಮಡಚಲಿ. ಮತ್ತೊಂದನ್ನು ನಾಲ್ಕಕ್ಕೆ, ಎಂಟಕ್ಕೆ. ಮೂರಕ್ಕೆ ಮಡಚುವುದು ಕಷ್ಟ, ಅಳತೆ ಹಿಡಿದು 8 ಸೆಂಟಿಮೀಟರಿಗೆ ಗುರುತು ಹಾಕಲಿ. ಮಡಿಕೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಹೆಸರು ಬರೆಯಲಿ.

ಈಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಉದ್ದ ಗೆರೆ. ಒಂದು ತುದಿ 0. ಒಂದು ಪಟ್ಟಿ ದೂರಕ್ಕೆ 1, ಇನ್ನೊಂದು ಪಟ್ಟಿ ದೂರಕ್ಕೆ 2. 3/4 ಎಲ್ಲಿದೆ, ನಿಂತು ತೋರಿಸು. 1/2 ಎಲ್ಲಿ? 2/4 ಎಲ್ಲಿ? "ಅಲ್ಲೇ ಇದೆಯಲ್ಲಾ!" ಅಂತ ಮಗು ಕೂಗುತ್ತದೆ. ಸಮಾನ ಭಿನ್ನರಾಶಿ ಅಂದರೆ ಇಷ್ಟೇ. ಒಂದೇ ಜಾಗ, ಬೇರೆ ಬೇರೆ ಹೆಸರು.

ಮುಂದಿನ ಪ್ರಶ್ನೆ: 5/4 ಎಲ್ಲಿದೆ? ಒಮ್ಮೆ ಒಬ್ಬ ಹುಡುಗ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ನಾಲ್ಕು ಭಾಗ ಇರೋದ್ರಲ್ಲಿ ಐದು ಹೇಗೆ ತಗೊಳ್ಳೋದು ಮಿಸ್? ಆಗಲ್ಲ." ಅವನು ಹೇಳಿದ್ದು ಸರಿಯೇ. ಒಂದು ವಸ್ತುವಿನ ತುಂಡು ಅಂತ ಮಾತ್ರ ಕಲಿತವನಿಗೆ 5/4 ಅಸಾಧ್ಯ. ನಾನು ಉತ್ತರ ಹೇಳಲಿಲ್ಲ. "ಗೆರೆ ಮೇಲೆ ಕಾಲು ಕಾಲಾಗಿ ಹೆಜ್ಜೆ ಇಡು, ಎಣಿಸು" ಅಂದೆ. ಕಾಲು, ಅರ್ಧ, ಮುಕ್ಕಾಲು, ಒಂದು. ಅಲ್ಲಿ ನಿಂತ. ನನ್ನ ಮುಖ ನೋಡಿದ. ಆಮೇಲೆ ಒಂದು ದಾಟಿ ಇನ್ನೊಂದು ಹೆಜ್ಜೆ ಇಟ್ಟ. "ಒಂದೂಕಾಲು!" ಅಲ್ಲಿಂದ ಅವನಿಗೆ ಮಿಶ್ರ ಭಿನ್ನರಾಶಿಯ ಪಾಠವನ್ನು ನಾನು ಹೆಚ್ಚೇನೂ ಮಾಡಬೇಕಾಗಲಿಲ್ಲ.

ಹೋಲಿಕೆಯನ್ನು ಚೆನ್ನಾಗಿ ಆಡಿಸಿ. ಆದರೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಹಿಡಿದು ಛೇದ ಸಮ ಮಾಡುವುದಕ್ಕೆ ಈಗಲೇ ಹೋಗಬೇಡಿ. 3/8 ಮತ್ತು 3/5ರಲ್ಲಿ ದೊಡ್ಡದು ಯಾವುದು? ಎರಡರಲ್ಲೂ ಮೂರು ತುಂಡು, ಐದು ಭಾಗ ಮಾಡಿದಾಗ ತುಂಡು ದೊಡ್ಡದು, ಹಾಗಾಗಿ 3/5. 4/9 ಮತ್ತು 5/8? ಮೊದಲನೆಯದು ಅರ್ಧಕ್ಕಿಂತ ಕಮ್ಮಿ, ಎರಡನೆಯದು ಅರ್ಧಕ್ಕಿಂತ ಜಾಸ್ತಿ. ಮುಗಿಯಿತು. 7/8 ಮತ್ತು 9/10? ಎರಡಕ್ಕೂ ಒಂದು ಮುಟ್ಟಲು ಒಂದೊಂದು ತುಂಡು ಕಮ್ಮಿ. ಹತ್ತನೇ ಒಂದು ಭಾಗ ಸಣ್ಣದು, ಅಂದಮೇಲೆ 9/10 ಒಂದಕ್ಕೆ ಇನ್ನೂ ಹತ್ತಿರ. ಈ ಮೂರು ಉಪಾಯ ಬಾಯಲ್ಲಿ ವಿವರಿಸಲು ಬಂದ ಮಗು ಭಿನ್ನರಾಶಿಯನ್ನು ಸಂಖ್ಯೆಯಾಗಿ ನೋಡುತ್ತಿದೆ ಅಂತ ಅರ್ಥ.

ಕೂಡುವಾಗ ಎಲ್ಲರೂ ಒಮ್ಮೆ ಮಾಡುವ ತಪ್ಪು: 1/2 + 1/3 = 2/5. ಕೆಂಪು ಪೆನ್ನು ಎತ್ತಬೇಡಿ. "ಅರ್ಧಕ್ಕೆ ಇನ್ನಷ್ಟು ಸೇರಿಸಿದೆ. ಬಂದ 2/5 ಅರ್ಧಕ್ಕಿಂತ ಜಾಸ್ತಿಯಾ, ಕಮ್ಮಿಯಾ?" ಅಂತ ಕೇಳಿ. ಐದರಲ್ಲಿ ಎರಡು, ಅರ್ಧಕ್ಕಿಂತ ಕಮ್ಮಿ! ಸೇರಿಸಿದಮೇಲೆ ಕಮ್ಮಿ ಆಗುತ್ತದಾ? ಈಗ ಮಗುವಿಗೇ ಇರುಸುಮುರುಸು. ಆರು ಭಾಗದ ಪಟ್ಟಿ ಕೊಡಿ. ಅರ್ಧ ಅಂದರೆ ಅದರಲ್ಲಿ ಮೂರು, ಮೂರನೇ ಒಂದು ಅಂದರೆ ಎರಡು, ಒಟ್ಟು 5/6. ಛೇದ ಸಮ ಮಾಡುವುದು ಯಾಕೆ ಅಂತ ಅಲ್ಲಿಗೆ ಗೊತ್ತಾಗುತ್ತದೆ. ಒಂದೇ ಅಳತೆಯ ತುಂಡುಗಳನ್ನು ಮಾತ್ರ ಒಟ್ಟಿಗೆ ಎಣಿಸಬಹುದು.

ಗುಣಾಕಾರಕ್ಕೆ ಆಯತದ ಹಾಳೆ. ಅಡ್ಡಕ್ಕೆ ಮಡಚಿ ಮೂರು ಭಾಗ, ಅದರಲ್ಲಿ ಎರಡಕ್ಕೆ ಗೀಟು ಎಳೆಯಲಿ. ಉದ್ದಕ್ಕೆ ನಾಲ್ಕು ಭಾಗ, ಮೂರಕ್ಕೆ ಬೇರೆ ಬಣ್ಣದ ಗೀಟು. ಒಟ್ಟು 12 ಮನೆ, ಎರಡೂ ಬಣ್ಣ ಬಿದ್ದದ್ದು 6. ಹಾಗಾಗಿ 2/3 × 3/4 = 6/12, ಅಂದರೆ ಅರ್ಧ. ಇಲ್ಲಿ ಇನ್ನೊಂದು ಹಳೆಯ ನಂಬಿಕೆ ಮುರಿಯಬೇಕು. "ಗುಣಿಸಿದರೆ ದೊಡ್ಡದಾಗುತ್ತದೆ" ಅಂತ ಮಕ್ಕಳು ಎರಡನೇ ತರಗತಿಯಿಂದ ನಂಬಿಕೊಂಡು ಬಂದಿರುತ್ತಾರೆ. 8ರ ಎರಡು ಪಟ್ಟು 16, 8ರ ಒಂದು ಪಟ್ಟು 8, 8ರ ಅರ್ಧ ಪಟ್ಟು 4. ಸಾಲಾಗಿ ಬರೆಯಿಸಿದರೆ ಆಶ್ಚರ್ಯ ಇರುವುದಿಲ್ಲ.

ಭಿನ್ನರಾಶಿಯಿಂದ ಭಾಗಿಸುವಾಗ "ತಿರುಗಿಸಿ ಗುಣಿಸು" ಅನ್ನುವ ಸೂತ್ರವನ್ನು ಕೊನೆಯಲ್ಲಿ ಹೇಳಿದರೆ ಸಾಕು. 3 ಮೀಟರ್ ದಾರದಲ್ಲಿ ಅರ್ಧ ಮೀಟರಿನ ತುಂಡು ಎಷ್ಟು? ಆರು. 3/4 ಪಟ್ಟಿಯಲ್ಲಿ 1/8 ತುಂಡು ಎಷ್ಟು ಸಲ ಹಿಡಿಸುತ್ತದೆ? ಪಟ್ಟಿ ಇಟ್ಟು ಎಣಿಸಲಿ, ಆರು. ಇಂಥ ಹತ್ತು ಲೆಕ್ಕ ಆದಮೇಲೆ ಸೂತ್ರವನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಎಲ್ಲರೂ ಅಲ್ಲ, ಆದರೆ ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಜನ.

ದಶಮಾಂಶ

0.7 ದೊಡ್ಡದಾ, 0.25 ದೊಡ್ಡದಾ? "ಇಪ್ಪತ್ತೈದು ದೊಡ್ಡದು" ಅನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ನಾವು "ಪಾಯಿಂಟ್ ಇಪ್ಪತ್ತೈದು" ಅಂತ ಓದುವುದೇ ಅರ್ಧ ಕಾರಣ. "ಸೊನ್ನೆ ಪಾಯಿಂಟ್ ಎರಡು ಐದು" ಅಂತ ಓದಿಸಿ. ಮೀಟರ್ ಟೇಪ್ ತೆಗೆದು 0.7 ಮೀಟರ್ ಎಲ್ಲಿ, 0.25 ಮೀಟರ್ ಎಲ್ಲಿ ಅಂತ ಬೆರಳಿಡಿಸಿ. 70 ಸೆಂಟಿಮೀಟರ್, 25 ಸೆಂಟಿಮೀಟರ್. ವಾದ ಮುಗಿಯಿತು. ದಶಮಾಂಶವನ್ನು ಹೊಸ ಪಾಠ ಅಂತ ಕಲಿಸುವುದೇ ಬೇಡ. ಸ್ಥಾನಬೆಲೆಯಲ್ಲಿ ಬಲಕ್ಕೆ ಬಂದಂತೆ ಪ್ರತಿ ಮನೆ ಹತ್ತನೇ ಒಂದು ಭಾಗ ಆಗುತ್ತದೆ, ನೂರು, ಹತ್ತು, ಒಂದು. ಅದೇ ಮೆಟ್ಟಿಲನ್ನು ಇನ್ನೂ ಇಳಿದರೆ ಹತ್ತನೇ ಒಂದು, ನೂರನೇ ಒಂದು.

"ಹತ್ತರಿಂದ ಗುಣಿಸಿದರೆ ಕೊನೆಗೆ ಸೊನ್ನೆ ಸೇರಿಸು" ಅಂತ ಹೇಳಿಕೊಟ್ಟಿದ್ದರೆ ಇಲ್ಲಿ ಕೈಕೊಡುತ್ತದೆ. 2.5×10 = 2.50 ಅಂತ ಬರೆಯುತ್ತಾರೆ. ಪ್ರತಿ ಅಂಕಿ ಒಂದು ಮನೆ ಎಡಕ್ಕೆ ಸರಿಯುತ್ತದೆ ಅಂತ ಮೊದಲಿನಿಂದಲೇ ಹೇಳುವುದು ಒಳ್ಳೆಯದು.

ಸಮ ಚಿಹ್ನೆ ಮತ್ತು ಹೇಳಿಕೆ ಲೆಕ್ಕ

8 + 4 = □ + 5. ಚೌಕದಲ್ಲಿ ಎಷ್ಟು? ಈಗಲೇ ಕೇಳಿ ನೋಡಿ. 1999ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಆರನೇ ತರಗತಿಯ 145 ಮಕ್ಕಳಿಗೆ ಇದನ್ನು ಕೊಟ್ಟಿದ್ದರು. ಒಬ್ಬರೂ 7 ಅನ್ನಲಿಲ್ಲ. ಎಲ್ಲರೂ 12 ಅಥವಾ 17 ಅಂದರು. ಸಮ ಚಿಹ್ನೆ ಅಂದರೆ "ಇಲ್ಲಿ ಉತ್ತರ ಬರಿ" ಅಂತ ಅವರು ತಿಳಿದಿದ್ದರು. 5 + 3 = 8 × 2 = 16 − 1 = 15 ಅಂತ ಉದ್ದಕ್ಕೆ ಬರೆದುಕೊಂಡು ಹೋಗುವ ಚಟವೂ ಅಲ್ಲಿಂದಲೇ. 5 + 3 ಹದಿನೈದಕ್ಕೆ ಸಮವಾ? ಅಲ್ಲ ತಾನೇ! ಪ್ರತಿ ಹಂತವನ್ನೂ ಬೇರೆ ಸಾಲಿನಲ್ಲಿ ಬರೆಯಿಸಿ. 12 = 7 + 5, 6 + 6 = 4 × 3, ಹೀಗೆ ಉತ್ತರ ಎಡಗಡೆ ಇರುವ, ಎರಡೂ ಕಡೆ ಲೆಕ್ಕ ಇರುವ ಸಾಲುಗಳನ್ನು ಕೊಟ್ಟು "ಸರಿಯಾ, ತಪ್ಪಾ?" ಅಂತ ಕೇಳುತ್ತಿರಿ. ಏಳನೇ ತರಗತಿಯ ಸಮೀಕರಣಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಹೇಳಿಕೆ ಲೆಕ್ಕದಲ್ಲಿ ಕೆಲವರು ಒಂದು ಪಟ್ಟಿ ಬಾಯಿಪಾಠ ಮಾಡಿಸುತ್ತಾರೆ: "ಒಟ್ಟು" ಬಂದರೆ ಕೂಡು, "ಉಳಿದ" ಬಂದರೆ ಕಳೆ, "ಜಾಸ್ತಿ" ಬಂದರೆ ಕೂಡು. ದಯವಿಟ್ಟು ಬೇಡ. "ಅಕ್ಕನ ಹತ್ತಿರ 12 ಪುಸ್ತಕ ಇವೆ. ಅದು ತಮ್ಮನ ಹತ್ತಿರ ಇರುವುದಕ್ಕಿಂತ 5 ಜಾಸ್ತಿ. ತಮ್ಮನ ಹತ್ತಿರ ಎಷ್ಟು?" ಪಟ್ಟಿ ನಂಬಿದ ಮಗು 17 ಅನ್ನುತ್ತದೆ. ಓದಿದ ಮಗು 7 ಅನ್ನುತ್ತದೆ.

ಓದದೆ ಅಂಕಿಗಳನ್ನು ಹಿಡಿದು ಏನೋ ಒಂದು ಮಾಡುವ ಚಟ ಎಷ್ಟು ಆಳವಾಗಿದೆ ಅನ್ನುವುದಕ್ಕೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1979ರ ಸುಮಾರಿಗೆ ನಡೆದ ಒಂದು ಪರೀಕ್ಷೆ ಪ್ರಸಿದ್ಧ. ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸು ಎಷ್ಟು? 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಅಂಕಿಗಳಿಂದಲೇ ವಯಸ್ಸು ಲೆಕ್ಕ ಹಾಕಿಬಿಟ್ಟರು. ನಾನು ಆಗಾಗ ಇಂಥ ಒಂದನ್ನು ಹೋಂವರ್ಕ್ ನಡುವೆ ಸೇರಿಸುತ್ತೇನೆ. ಮಕ್ಕಳಿಗೆ ಮಜಾ. ಜೊತೆಗೆ ಉಳಿದ ಲೆಕ್ಕಗಳನ್ನೂ ಗಮನವಿಟ್ಟು ಓದುತ್ತಾರೆ, ಎಲ್ಲಿ ಮಿಸ್ ಮೋಸ ಮಾಡಿದ್ದಾರೋ ಅಂತ.

ಮಾಡಬೇಕಾದ್ದು ಇಷ್ಟು. ಲೆಕ್ಕ ಓದಿದ ಮೇಲೆ ಪುಸ್ತಕ ಮುಚ್ಚಿಸಿ, ಅಂಕಿ ಇಲ್ಲದೆ ಕಥೆ ಹೇಳಿಸಿ. ಆಮೇಲೆ ಒಂದು ಉದ್ದ ಪಟ್ಟಿಯ ಚಿತ್ರ ಬರೆಯಿಸಿ. ಅಕ್ಕನ ಪಟ್ಟಿ ಉದ್ದ, ತಮ್ಮನದು ಗಿಡ್ಡ, ನಡುವಿನ ಅಂತರ 5. ಚಿತ್ರ ಸರಿಯಾಗಿ ಬಂದರೆ ಕೂಡಬೇಕಾ ಕಳೆಯಬೇಕಾ ಅಂತ ಯಾರೂ ಕೇಳುವುದಿಲ್ಲ.

ಉಳಿದವು

ಸುತ್ತಳತೆ, ವಿಸ್ತೀರ್ಣ ಎರಡನ್ನೂ ಕಲಸಿಕೊಳ್ಳದ ಮಗು ಅಪರೂಪ. 24 ಸೆಂಟಿಮೀಟರ್ ದಾರದ ತುದಿಗಳನ್ನು ಕಟ್ಟಿ ಚೌಕುಳಿ ಹಾಳೆಯ ಮೇಲೆ ಬೇರೆ ಬೇರೆ ಆಯತ ಮಾಡಿಸಿ. 11×1 ಆದರೆ ಒಳಗೆ 11 ಚೌಕ, 8×4 ಆದರೆ 32, 6×6 ಆದರೆ 36. ದಾರ ಅದೇ, ಒಳಗಿನ ಜಾಗ ಬೇರೆ. ಒಂದು ಮಧ್ಯಾಹ್ನ ಸಾಕು.

ಕೋನದಲ್ಲಿ ಗೆರೆ ಉದ್ದವಾದರೆ ಕೋನ ದೊಡ್ಡದು ಅಂತ ಅಂದುಕೊಳ್ಳುತ್ತಾರೆ. ಕೋನ ಅಂದರೆ ತಿರುಗಿದ ಪ್ರಮಾಣ, ಬಾಗಿಲು ತೆರೆದು ತೋರಿಸಿ. ಯಾವುದೇ ತ್ರಿಭುಜ ಕತ್ತರಿಸಿ, ಮೂರು ಮೂಲೆ ಹರಿದು ಪಕ್ಕಪಕ್ಕ ಜೋಡಿಸಿದರೆ ನೇರ ಗೆರೆ ಆಗುತ್ತದೆ, 180 ಡಿಗ್ರಿ.

ಅವಿಭಾಜ್ಯ ಸಂಖ್ಯೆಗೆ 1ರಿಂದ 100ರ ಚೌಕ ಬರೆದು ಜರಡಿ ಆಡಿಸಿ. 1 ಬಿಡಿ. 2, 3, 5, 7 ಹಾಗೇ ಇರಲಿ, ಅವುಗಳ ಉಳಿದ ಅಪವರ್ತ್ಯಗಳನ್ನು ಹೊಡೆದುಹಾಕಿದರೆ ಮುಗಿಯಿತು, 25 ಅವಿಭಾಜ್ಯ ಉಳಿಯುತ್ತವೆ. 11ರವರೆಗೆ ಯಾಕೆ ಹೋಗಬೇಕಾಗಿಲ್ಲ ಅಂತ ಕೇಳಿ. 11×11 ಆಗಲೇ 121 ಅಲ್ವಾ. ಚುರುಕಿನ ಮಗುವಿಗೆ ಇನ್ನೊಂದು ಕೊಡಿ: 2ಕ್ಕಿಂತ ದೊಡ್ಡದಾದ ಸಮ ಸಂಖ್ಯೆಗಳನ್ನು ಎರಡು ಅವಿಭಾಜ್ಯಗಳ ಮೊತ್ತವಾಗಿ ಬರೆಯಲು ನೋಡಲಿ. 1742ರಿಂದ ಗಣಿತಜ್ಞರ ಮುಂದಿರುವ ಪ್ರಶ್ನೆ ಇದು. ಎಲ್ಲ ಸಮ ಸಂಖ್ಯೆಗೂ ಹೀಗಾಗುತ್ತದೆ ಅಂತ ಇನ್ನೂ ಯಾರೂ ಸಾಧಿಸಿಲ್ಲ ಅಂತ ಹೇಳಿದರೆ ಮಕ್ಕಳ ಕಣ್ಣು ದೊಡ್ಡದಾಗುತ್ತದೆ.

ಗ್ರಾಫ್, ಸರಾಸರಿ ಇವು ಕಷ್ಟದ್ದೇನಲ್ಲ, ಶಾಲೆಯಲ್ಲಿ ಮಾಡಿದ್ದು ಸಾಕು. ದೊಡ್ಡ ದೊಡ್ಡ ಸಂಖ್ಯೆಗಳ ಏಳೆಂಟು ಅಂಕಿಯ ಗುಣಾಕಾರ ಮಾಡಿಸುವುದು ನನ್ನ ಪ್ರಕಾರ ಸುಮ್ನೆ ದಂಡ. ಮೂರಂಕಿಯನ್ನು ಎರಡಂಕಿಯಿಂದ ತಪ್ಪಿಲ್ಲದೆ ಗುಣಿಸಿದರೆ ವಿಧಾನ ಬಂದಂತೆ. ವೇಗದ ಲೆಕ್ಕದ ಕ್ಲಾಸಿಗೆ ಸೇರಿಸಬೇಕಾ ಅಂತಲೂ ಕೇಳುತ್ತಾರೆ. ಮಗುವಿಗೆ ಇಷ್ಟವಾದರೆ ಸೇರಿಸಿ. ಆದರೆ ಭಿನ್ನರಾಶಿ ತೊದಲುವ ಮಗುವಿಗೆ ಅದು ಔಷಧಿ ಅಲ್ಲ.

ಜೊತೆಗೆ ಕೂರುವುದು ಹೇಗೆ

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ವಾರದ ಕೊನೆಗೆ ಮೂರು ಗಂಟೆ ಕೂರಿಸಬೇಡಿ. ಪೆನ್ಸಿಲ್ ಮಗುವಿನ ಕೈಯಲ್ಲೇ ಇರಲಿ. ನಾವು ಕಿತ್ತುಕೊಂಡು "ಹೀಗೆ ಮಾಡು" ಅಂತ ತೋರಿಸಿದ ಕ್ಷಣದಿಂದ ಲೆಕ್ಕ ನಮ್ಮದಾಗುತ್ತದೆ. "ಹೇಗೆ ಗೊತ್ತಾಯಿತು?" ಅಂತ ಕೇಳಿ, ಉತ್ತರ ಸರಿ ಇದ್ದಾಗಲೂ ಕೇಳಿ. ತಪ್ಪಿದ್ದಾಗ ಮಾತ್ರ ಕೇಳಿದರೆ, ಆ ಪ್ರಶ್ನೆ ಕೇಳಿದ ಕೂಡಲೇ ಮಗು ರಬ್ಬರ್ ಹುಡುಕಲು ಶುರುಮಾಡುತ್ತದೆ.

ಆರನೇ ತರಗತಿಗೆ ಬಂದರೂ ಲೆಕ್ಕ ತಲೆಗೆ ಹತ್ತುತ್ತಿಲ್ಲ ಅಂತಾದರೆ, ಆರನೇ ತರಗತಿಯ ಪುಸ್ತಕವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. 21 ಚೀಟಿಯ ಡಬ್ಬಿಯಿಂದ ಶುರುಮಾಡಿ. ಜೊತೆಜೊತೆಗೆ ಒಂದಂಕಿಯಿಂದ ಭಾಗಿಸುವುದು, ಅಂದಾಜು ಮೂಲೆಯಲ್ಲಿ ಬರೆದು. ಅದು ಸಲೀಸಾದಮೇಲೆ ಕಾಗದದ ಪಟ್ಟಿ ಮತ್ತು ಗೆರೆ. ಅರ್ಧ, ಕಾಲು, ಮುಕ್ಕಾಲು, ಒಂದೂಕಾಲು ಎಲ್ಲಿದೆ ಅಂತ ಕಣ್ಣುಮುಚ್ಚಿ ಹೇಳುವವರೆಗೆ ಕೂಡುವುದು ಕಳೆಯುವುದು ಶುರುಮಾಡಬೇಡಿ. ಲ.ಸಾ.ಅ., ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಅದಾದಮೇಲೆ ಬರಲಿ. ಶಾಲೆಯ ಪರೀಕ್ಷೆಯಲ್ಲಿ ಒಂದೆರಡು ಸಲ ಅಂಕ ಕಮ್ಮಿ ಬರಬಹುದು. ಹಾಗಾಗಿ ಮಗುವಿನ ಗಣಿತದ ಟೀಚರ್‌ಗೆ ಮೊದಲೇ ಹೋಗಿ ನೀವು ಏನು ಮಾಡುತ್ತಿದ್ದೀರಿ ಅಂತ ತಿಳಿಸಿಬಿಡಿ.